ಸಂಗಮದ ಗಾಡಿಯಲ್ಲಿ ಇನ್ನೊಂದು ಜಾಗ

ಗುರಲಿಂಗ ಆ ರಾತ್ರಿ ಕುಪವಾಡದಿಂದ ವಿಶ್ರಾಮಬಾಗದ ಕಡೆಗೆ ನಡೆದೇ ಹೊರಟಿದ್ದ. ಕೊನೆಯ ಸಿಟಿ ಬಸ್ಸು ಹೋಗಿಬಿಟ್ಟಿತ್ತು. ರಿಕ್ಷಾದವರು ಕತ್ತಲಾದ ಮೇಲೆ ಆ ಹಾದಿಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಕೇಳಿ ನೋಡಿ... ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡುತ್ತಾರೆ.

ಗುರಲಿಂಗ ನನ್ನ ಕಾಕಾನ ಮಗ. ಮಿರಜ ಮಾರ್ಕೆಟ್ಟಿನಲ್ಲಿ ಕಿರಾಣಿ ಅಂಗಡಿ ಅವನದು. ಕುಡಿಯುವವನಲ್ಲ, ಬಣ್ಣ ಹಚ್ಚಿ ಮಾತಾಡುವವನೂ ಅಲ್ಲ. ಅವನ ಬಾಯಿಂದ ಕೇಳಿದ್ದನ್ನು ಹಾಗೇ ಹೇಳುತ್ತೇನೆ. ಕೊನೆಯದೊಂದು ಮಾತ್ರ ನಾನೇ ಕಂಡದ್ದು.

ಹಾದಿಯಲ್ಲಿ ಒಂದು ಆಲದ ಮರ. ಮರದ ಕೆಳಗೆ ಒಂದು ಬಾವಿ. ಬಾವಿ ಇತ್ತು ಅನ್ನಬೇಕು. ಸಾಂಗಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಮಹಾನಗರಪಾಲಿಕೆ ಮಾಡಿದರಲ್ಲ, ಆ ವರ್ಷದ ಮಾತು. ಕಬ್ಬಿನ ಹೊಲಗಳಿಗೆಲ್ಲ ಪ್ಲಾಟು ಎಂದು ಹೆಸರು ಬಂತು. ಬಾವಿ ಒಬ್ಬ ಬಿಲ್ಡರನ ಪ್ಲಾಟಿನ ನಡುವೆ ಬಂತು. ಮುಚ್ಚಿಸಿದ. ಮುರುಮು ಎನ್ನುವ ಕೆಂಪು ಗರಸು ಮಣ್ಣು ಸುರಿಯುವಾಗ ಬಾವಿಯ ದಂಡೆ ಕುಸಿಯಿತು. ಬುಟ್ಟಿ ಹೊತ್ತು ನಿಂತಿದ್ದ ಒಬ್ಬ ಹೆಣ್ಣುಮಗಳು ಒಳಗೆ ಹೋದಳು. ಸಾತವ್ವ ಎಂದು ಹೆಸರು.

ತೆಗೆಯಲಿಲ್ಲ. ತೆಗೆಯಬೇಕಾದರೆ ಸುರಿದದ್ದನ್ನೆಲ್ಲ ಮತ್ತೆ ಅಗೆಯಬೇಕು. ಕೂಲಿ ಹೆಣ್ಣಿಗಾಗಿ ಯಾವ ಬಿಲ್ಡರ್ ಅಗೆಸುತ್ತಾನೆ? ಮೇಲಿಂದ ಇನ್ನಷ್ಟು ಮುರುಮು ಸುರಿದು ರೋಲರ್ ಹೊಡೆಸಿದ. ಜೊತೆಗಿದ್ದ ಕೂಲಿಗಳನ್ನು ಟ್ರಕ್ಕಿಗೆ ತುಂಬಿ ಎಲ್ಲಿಗೋ ಸಾಗಿಸಿಬಿಟ್ಟ. ಅವಳು ಗಡಿ ಆಚೆಯವಳು, ಅಥಣಿ ಕಡೆಯವಳು, ನಮಗೆ ತಿಳಿದದ್ದು ಇಷ್ಟೇ. ಯಾವ ಊರು, ಯಾರ ಮಗಳು, ಯಾರಿಗೂ ಗೊತ್ತಿಲ್ಲ. ನಾವು ನಾಲ್ಕು ಮಂದಿ ಕೂಡಿ ಮೋರ್ಚಾ ತೆಗೆದೆವು. "ಹೆಣ ಎಲ್ಲಿ? ಫಿರ್ಯಾದಿ ಕೊಡುವ ಸಂಬಂಧಿಕರು ಎಲ್ಲಿ?" ಎಂದು ಪೊಲೀಸರು ಕೇಳಿದರು. ಹೆಣ ನಿಮ್ಮ ಕಾಲ ಕೆಳಗೇ ಇದೆ ಅಂದೆವು. ನಮ್ಮನ್ನೇ ವ್ಯಾನಿಗೆ ಹತ್ತಿಸಿದರು. ಗಡಿಗಾಗಿ ಬಸ್ಸಿನ ಗಾಜು ಒಡೆಯುವ ಶೂರರು ಎರಡೂ ಕಡೆ ಇದ್ದಾರೆ. ಗಡಿ ದಾಟಿ ಬಂದು ಮಣ್ಣಾದವಳಿಗಾಗಿ ಒಬ್ಬನೂ ಉಸಿರೆತ್ತಲಿಲ್ಲ.

ಇರಲಿ. ಗುರಲಿಂಗನ ಮಾತಿಗೆ ಬರುತ್ತೇನೆ.

ಮರುದಿನ ಅವನ ಮನೆಯವರೆಲ್ಲ ಕೂಡಲಸಂಗಮಕ್ಕೆ ಹೊರಡುವುದಿತ್ತು. ಮಗ ಸುಶಾಂತನ ಜವಳ. ಹುಟ್ಟುಗೂದಲನ್ನು ಮನೆದೇವರ ಮುಂದೆ ತೆಗೆಸಬೇಕು. ನಮ್ಮ ಮಂದಿ ಮಿರಜಕ್ಕೆ ಬಂದು ಎಷ್ಟೋ ತಲೆಮಾರಾಯಿತು. ಅಂಗಡಿಯ ಬೋರ್ಡು ಮರಾಠಿ, ಮಕ್ಕಳ ಸಾಲೆ ಮರಾಠಿ. ಮನೆದೇವರು ಮಾತ್ರ ಗಡಿಯಾಚೆಯೇ ಉಳಿದ. ಸುಶಾಂತನಿಗೆ ಮೂರು ತುಂಬುತ್ತಿತ್ತು. ಗುರಲಿಂಗ ಮತ್ತು ಅವನ ಹೆಂಡತಿ ಸೋನಾಲಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಉಳಿದವನು ಇವನೊಬ್ಬನೇ. ಆ ಮನೆಯಲ್ಲಿ ಅವನು ಸೀನಿದರೂ ಎಲ್ಲರೂ ಎದ್ದು ನಿಲ್ಲುತ್ತಿದ್ದರು.

ಹಾದಿಯ ಬಗ್ಗೆ ಮನೆಯಲ್ಲಿ ದಿನಾ ಜಗಳ. ಗುರಲಿಂಗನಿಗೆ ಹೊಸ ಹುಕಿ ಹತ್ತಿತ್ತು. ಟ್ರ್ಯಾಕ್ಸ್ ಜೀಪು ಬಾಡಿಗೆ ಮಾಡಿದ್ದೇವೆ, ಬರೀ ದೇವರಿಗೆ ಹೋಗಿ ಬರುವುದೇನು, ನೋಡುವಂಥದ್ದನ್ನೆಲ್ಲ ನೋಡಿಕೊಂಡೇ ಹೋಗೋಣ ಎನ್ನುವವನು. ಬೆರಳು ಮಡಚುತ್ತ ಲೆಕ್ಕ ಹಾಕುವವನು.

"ಕಾಗವಾಡದಾಗ ಚಹಾ. ಅಥಣಿಯಾಗ ಊಟ. ಐಗಳಿ, ತೆಲಸಂಗ ದಾಟಿ ವಿಜಾಪುರ. ಅಲ್ಲೇ ವಸ್ತಿ. ಮುಂಜಾನೆದ್ದು ಬಾಗೇವಾಡಿ, ಆಲಮಟ್ಟಿ ಡ್ಯಾಮು, ಆಮ್ಯಾಲ ಸಂಗಮ."

"ದೇವರಿಗಿ ಹೊಂಟೀಯೋ, ಊರ ಅಳ್ಯಾಕ ಹೊಂಟೀಯೋ?" ಅನ್ನುವಳು ಅವನ ತಾಯಿ ಸಂಗವ್ವ.

ಸೋನಾಲಿ ಸಾಂಗಲಿಯವಳು, ಅವಳ ಮಾತಿನಲ್ಲಿ ಮರಾಠಿಯೇ ಹೆಚ್ಚು. "ಆತ್ಯಾ, ಗೋಲಗುಮ್ಮಟ ಪಾಹಿಜೇಚ, ನೋಡಾಕಬೇಕು. ಅಲ್ಲಿ ಒಂದ ಸಲ ಕೂಗಿದ್ರ ಏಳ ಸಲ ಕೇಳಸತೈತಂತ."

"ಹಂಗಾರ ಅಲ್ಲಿ ನಿಂತ ನಿನ್ನ ಗಂಡಗ ಬುದ್ಧಿ ಹೇಳವಾ. ಒಂದ ಸಲ ಹೇಳಿದ್ದ ಅವಗ ಕೇಳಸೂದಿಲ್ಲ."

ನಗು. ಆದರೆ ಒಂದು ಮಾತಿಗೆ ಮುದುಕಿ ನಗುತ್ತಿರಲಿಲ್ಲ. "ಓಣಿ ತುಂಬ ಹಾದಿ ಸಾರಬ್ಯಾಡ ಗುರ್ಯಾ. ಎಲ್ಲಿಗಿ ಅಂತ ಯಾರರೇ ಕೇಳಿದ್ರ, ಇಲ್ಲೇ ಹೋಗಿ ಬರತೇನಿ ಅನ್ನು. ಸಾಕು." ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಯಾರಾದರೂ ಕೇಳಿದರೆ ಹಾದಿ ಬಿಚ್ಚಿ ಹೇಳುವುದಿಲ್ಲ. ಗುರಲಿಂಗ ಹೇಳಿದ. ಗಿರಾಕಿಗಳಿಗೆ ಹೇಳಿದ, ಹಮಾಲರಿಗೆ ಹೇಳಿದ. ಆ ರಾತ್ರಿ ಗಾಡಿಯ ಬ್ರೇಕು ನೋಡಿಸಲು ಕುಪವಾಡದ ಗ್ಯಾರೇಜಿಗೆ ಹೋದಾಗ ಮೇಸ್ತ್ರಿಗೂ ಹೇಳಿದ. ಟ್ರ್ಯಾಕ್ಸಿನ ಮಾಲಕನೂ ಡ್ರೈವರನೂ ಧೋಂಡಪ್ಪನೇ. ಅವನು ಗಾಡಿಯ ಜೊತೆ ಗ್ಯಾರೇಜಿನಲ್ಲೇ ಮಲಗಿದ. ಗುರಲಿಂಗ ಒಬ್ಬನೇ ಮನೆಯ ಕಡೆ ನಡೆದ.

ಆಲದ ಮರ ಹತ್ತಿರ ಬಂತು. ಬೀದಿದೀಪದ ಕಂಬ ಹುಗಿದಿದ್ದರು, ದೀಪ ಹಾಕಿರಲಿಲ್ಲ.

ಕಿರ್ರ್... ಕಿರ್ರ್...

ನೀರು ಸೇದುವಾಗ ಗಡಗಡಿ ತಿರುಗುತ್ತದಲ್ಲ, ಆ ಸಪ್ಪಳ. ಎಣ್ಣೆ ಕಾಣದ ಗಡಗಡಿ. ಗುರಲಿಂಗ ನಿಂತ. ಸಪ್ಪಳವೂ ನಿಂತಿತು. ಅಲ್ಲಿ ಬಾವಿ ಇಲ್ಲ, ಗಡಗಡಿ ಎಲ್ಲಿಂದ? ಹೊಸ ಮನೆಗೆ ಬೋರ್ ಹಾಕುತ್ತಿರಬೇಕು ಅಂದುಕೊಂಡ. ಈ ರಾತ್ರಿ ಬೋರ್ ಯಾರು ಹಾಕುತ್ತಾರೆ ಎಂದು ಅವನಿಗೆ ಹೊಳೆಯಲಿಲ್ಲ.

"ಅಣ್ಣಾರ..."

ಮರದ ಬುಡದಲ್ಲಿ ಒಬ್ಬಳು ಕೂತಿದ್ದಳು. ಮುಖ ಕಾಣಲಿಲ್ಲ. ತಲೆಯ ಮೇಲೆ ಬುಟ್ಟಿ ಹೊರುವ ಸಿಂಬಿ ಇತ್ತು, ಅಷ್ಟು ಕಂಡಿತು. ಅಲ್ಲಿ ಕೂಲಿಗಳ ಜೋಪಡಿಗಳಿದ್ದವು. ಯಾರೋ ಕೆಲಸದವಳು, ಅಂದುಕೊಂಡ.

"ಎಲ್ಲಿಗಿ ಹೊಂಟೀರಿ?"

"ಮನೀಗವಾ."

"ಈಗಲ್ರಿ... ನಾಳಿಗಿ."

ಪಿಸುಮಾತು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ. ಗುರಲಿಂಗನಿಗೆ ಹೆದರಿಕೆ ಆಗಲಿಲ್ಲ. ಖುಷಿಯಾಯಿತು! ಕೇಳುವವರು ಸಿಕ್ಕರಲ್ಲ ಎಂದು. ಬೆರಳು ಮಡಚಿ ಹೇಳಿದ. ಕಾಗವಾಡ, ಅಥಣಿ, ಐಗಳಿ, ತೆಲಸಂಗ... ಎಲ್ಲಾ ಹೇಳಿದ.

"ಅಥಣಿ ಮ್ಯಾಲ ಹೋಗ್ತೀರಿ?"

"ಮತ್ತ? ಅದ ಹಾದಿ."

"ಅತ್ತ ನಮ್ಮೂರರಿ."

"ಹೌದಾ? ಹಂಗಾರ ನೀವೂ ಬರ್ರಲ್ಲ."

ನಮ್ಮ ಮಂದಿಯ ಬಾಯಿ ನಿಮಗೆ ಗೊತ್ತಲ್ಲ. ಉಣ್ಣುವಾಗ ಬಂದವರಿಗೆ ಬರ್ರಿ ಉಣ್ಣೋಣು, ಹೊರಡುವಾಗ ಸಿಕ್ಕವರಿಗೆ ನೀವೂ ಬರ್ರಿ. ಯಾರೂ ಬರುವುದಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೇ ಕರೆಯುತ್ತೇವೆ.

ಅವಳು ಸಿಂಬಿ ಸರಿಪಡಿಸಿಕೊಂಡಳು. ಆಮೇಲೆ...

"ಜಾಗಾ ಐತೇನ್ರಿ?"

"ಐತವಾ. ನಮ್ಮ ಕೂಸಿನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡ್ರ ಆತು."

ತಪ್... ತಪ್... ಏನೋ ತೊಟ್ಟಿಕ್ಕುತ್ತಿತ್ತು. ಒದ್ದೆ ಸೀರೆಯ ಅಂಚಿನಿಂದ ತೊಟ್ಟಿಕ್ಕುವ ಹಾಗೆ.

"ಆತ್ರಿ," ಅಂದಳು. "ಬರತೇನಿ."

ಗುರಲಿಂಗ ನಾಲ್ಕು ಹೆಜ್ಜೆ ಹೋಗಿ, ಮುಂಜಾನೆ ಎಲ್ಲಿ ನಿಂತಿರುತ್ತೀ ಎಂದು ಕೇಳಲು ತಿರುಗಿದ. ಮರದ ಬುಡದಲ್ಲಿ ಯಾರೂ ಇರಲಿಲ್ಲ. ಜೋಪಡಿಗೆ ಹೋದಳು ಅಂದುಕೊಂಡ. ಮನೆಗೆ ಬಂದ, ಉಂಡ, ಮಲಗಿದ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಾದರೂ ಆಗಿದೆ ಎಂದು ಅವನಿಗೆ ಅನಿಸಿರಲಿಲ್ಲ.

ಮುಂಜಾನೆ ಪೂಜೆ ಮುಗಿಸಿ ಬಿಸಿಲೇರಿದ ಮೇಲೆ ಹೊರಟರು. ಮುಂದೆ ಧೋಂಡಪ್ಪ ಮತ್ತು ಗುರಲಿಂಗ. ಹಿಂದೆ ಎದುರುಬದುರು ಸೀಟುಗಳಲ್ಲಿ ಸಂಗವ್ವ ಒಂದು ಕಡೆ, ಸೋನಾಲಿ ಮತ್ತು ಸುಶಾಂತ ಇನ್ನೊಂದು ಕಡೆ. ಗ್ಯಾರೇಜಿನಲ್ಲಿ ಉಳಿದ ಸ್ಟೆಪ್ನಿ ಎತ್ತಿಕೊಳ್ಳಲು ಮೊದಲು ಕುಪವಾಡದ ಹಾದಿಯನ್ನೇ ಹಿಡಿದರು. ಅದೇ ಆಲದ ಮರದ ಹತ್ತಿರ ರಸ್ತೆ ಕೆಟ್ಟಿತ್ತು. ಧೋಂಡಪ್ಪ ಗಾಡಿ ನಿಧಾನ ಮಾಡಿದ.

ಖಟ್.

ಹಿಂದಿನ ಬಾಗಿಲು ತೆರೆಯಿತು. ಖಟ್. ಮುಚ್ಚಿತು.

"ಧೋಂಡಪ್ಪಾ, ತುಮಚಾ ದರವಾಜಾ ನೀಟ ಬಸತ ನಾಹೀ," ಬಾಗಿಲು ಸರಿ ಕೂರುವುದಿಲ್ಲ ಎಂದು ಸೋನಾಲಿ ದೂರಿದಳು.

"ಗಾಡಿ ಹಳೇದ ವೈನಿ. ನನ್ನಂಗ. ಒಂದೀಟ ಸಪ್ಪಳ ಮಾಡತೈತಿ, ಕೈ ಕೊಡೂದಿಲ್ಲ."

ಮ್ಹೈಸಾಳ ದಾಟಿದರು. ಗಡಿ ಬಂತು. ಅಡ್ಡ ಹಾಕಿದ ಒಂದು ಬೊಂಬು, ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಒಬ್ಬ ಪೊಲೀಸ. ಅವನು ಧೋಂಡಪ್ಪನ ಪರ್ಮಿಟ್ಟು ತಿರುಗಿಸಿ ಕೊಟ್ಟು, ಹಿಂದೆ ಬಗ್ಗಿ ನೋಡಿ, "ಮಂದಿ ಭಾಳ ತುಂಬೀರಿ," ಅಂದ.

"ಎಲ್ಲಿ ಸಾಹೇಬ್ರ? ಐದ ಮಂದಿ, ಅದರಾಗ ಒಂದ ಕೂಸು."

ಪೊಲೀಸ ಇನ್ನೊಮ್ಮೆ ನೋಡಿದ. ಬೊಂಬು ಎತ್ತಿದ.

ಕಾಗವಾಡದಲ್ಲಿ ಚಹಾ ಕುಡಿದರು. ಅಲ್ಲಿಂದ ಮುಂದೆ ಧೋಂಡಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ. ಮತ್ತೆ ನೋಡಿದ.

"ಏನ ನೋಡತಿ?" ಎಂದು ಗುರಲಿಂಗ ಕೇಳಿದ.

"ಸಾವಕಾರ... ನಿಮ್ಮ ಮಗಾ ಎಷ್ಟ ಎತ್ತರ ಅದಾನ?"

ಗುರಲಿಂಗ ತಿರುಗಿ ನೋಡಿದ. ಮಗ ತಾಯಿಯ ಪಕ್ಕದಲ್ಲೇ ಇದ್ದ. ಸೋನಾಲಿ ತೂಕಡಿಸುತ್ತಿದ್ದಳು. ಆದರೆ ಮಗನ ತಲೆ ಅವಳ ಕಿವಿಯ ಸಮಕ್ಕಿತ್ತು. ಸೀಟಿಗೂ ಮಗನಿಗೂ ನಡುವೆ ಒಂದು ಗೇಣು ಬಯಲು. ಕಾಲು ಇಳಿಬಿಟ್ಟುಕೊಂಡು, ಯಾರದೋ ಎದೆಗೆ ಒರಗಿದ ಹಾಗೆ ಹಿಂದಕ್ಕೆ ವಾಲಿಕೊಂಡು, ಹಾಯಾಗಿ ಕೂತಿದ್ದ.

ಗಾಡಿ ತಗ್ಗಿಗೆ ಬಿದ್ದು ಹಾರಿತು. ಸೋನಾಲಿ ಎಚ್ಚರಾಗಿ ಮಗನನ್ನು ಎಳೆದುಕೊಂಡಳು. ಗುರಲಿಂಗ ಕಣ್ಣುಜ್ಜಿಕೊಂಡ. ಬಿಸಿಲು, ಅಂದ. ಧೋಂಡಪ್ಪ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ.

ಅಥಣಿಯ ಖಾನಾವಳಿಯಲ್ಲಿ ಕೂತರು. ರೊಟ್ಟಿ, ಬದನೀಕಾಯಿ ಪಲ್ಯ, ಶೇಂಗಾ ಚಟ್ನಿ. ಬಡಿಸುತ್ತಿದ್ದವಳು ದಪ್ಪನೆಯ ಹೆಂಗಸು, ನಗುಮುಖದವಳು. ಸಂಗವ್ವನ ತಾಟಿಗೆ ರೊಟ್ಟಿ ಹಾಕಿ ಕೇಳಿದಳು:

"ಹೊರಗ ನಿಂತಾರಲ್ಲ, ಆ ಅಕ್ಕಾರಿಗಿ ಅಲ್ಲೇ ಕೊಡಲೇನ್ರಿ? ಒಳಗ ಬರ್ರಿ ಅಂದೆ. ಬರವಲ್ಲರು. ಮೈಯೆಲ್ಲಾ ಮಣ್ಣ ಐತಿ, ಬ್ಯಾಡ ಅಂತಾರ."

"ಯಾವ ಅಕ್ಕಾ?"

"ನಿಮ್ಮ ಗಾಡಿಯಾಗಿಂದ ಇಳದ್ರಲ್ರಿ. ಕೂಸು ಅವರ ಬಗಲಾಗ ಐತಿ."

ಸೋನಾಲಿ ಪಕ್ಕಕ್ಕೆ ನೋಡಿದಳು. ಮಗ ಇರಲಿಲ್ಲ.

ತಾಟು ಕೆಳಗೆ ಬಿದ್ದ ಸಪ್ಪಳ ಕೇಳಿ ಓಣಿಯವರೂ ತಿರುಗಿದರಂತೆ. ಹೊರಗೆ ಓಡಿದರು. ಸುಶಾಂತ ಟ್ರ್ಯಾಕ್ಸಿನ ಹಿಂದೆ ಒಬ್ಬನೇ ನಿಂತಿದ್ದ. ನಗುತ್ತಿದ್ದ. ಅವನ ಬಿಳಿ ಅಂಗಿಯ ಬೆನ್ನಿಗೆ ಕೆಂಪು ಮುರುಮು ಮೆತ್ತಿತ್ತು. ಹಸಿ ಮುರುಮು. ಬೇಸಿಗೆಯ ಅಥಣಿಯಲ್ಲಿ ಹಸಿ ಮಣ್ಣು ಎಲ್ಲಿಂದ?

ಸಂಗವ್ವ ಅಂಗಿ ಮುಟ್ಟಿ ನೋಡಿದಳು. ಬೆರಳು ಮೂಸಿದಳು. ಆಮೇಲೆ ಗುರಲಿಂಗನನ್ನು ಪಕ್ಕಕ್ಕೆ ಕರೆದಳು. ಸಣ್ಣ ದನಿಯಲ್ಲಿ ಕೇಳಿದಳು:

"ಯಾರಿಗಿ ಹಾದಿ ಹೇಳಿ ಬಂದಿ?"

ಗುರಲಿಂಗ ಹೇಳಿದ. ಮುಚ್ಚಿದ ಬಾವಿಯ ಹತ್ತಿರ ಕೂತವಳು, ಎಲ್ಲಿಗಿ ಅಂದದ್ದು, ಅತ್ತ ನಮ್ಮೂರು ಅಂದದ್ದು, ತಾನು ಬರ್ರಿ ಅಂದದ್ದು. ಕೊನೆಯದನ್ನು ನುಂಗಿಕೊಂಡ. ಮುದುಕಿ ಬಿಡಲಿಲ್ಲ.

"ಮತ್ತೇನ ಅಂದಿ?"

"ಕೂಸಿನ್ನ... ತೊಡಿ ಮ್ಯಾಲ ಕುಂದ್ರಿಸಿಕೊಂಡ್ರ ಆತು ಅಂದೆ, ಅವ್ವಾ."

ಮುದುಕಿ ಅವನಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು ಎಂದು ಗುರಲಿಂಗ ನನ್ನ ಮುಂದೆ ಅತ್ತ.

ಸೋನಾಲಿ ಹಿಂದಕ್ಕೆ ಹೋಗೋಣ ಎಂದು ಹಟ ಹಿಡಿದಳು. ಸಂಗವ್ವ ತಲೆ ಅಲ್ಲಾಡಿಸಿದಳು. "ಕರದವ್ರ ನಾವು. ಅಕಿ ಬಂದಾಳ. ನಡಬರಕ ಇಳಿ ಅಂದ್ರ ಕೂಸಿನ್ನ ಬಿಡತಾಳೇನ? ಅಕಿ ಊರಿಗಿ ಮುಟ್ಟಸೂಣು. ಮರ್ಯಾದಿಲೇ ಇಳಸೂಣು." ಅಥಣಿಯ ಪೇಟೆಯಲ್ಲಿ ತಾನೇ ಇಳಿದು ಹೋಗಿ ಒಂದು ಕುಬಸದ ಖಣ, ಅಕ್ಕಿ, ತೆಂಗಿನಕಾಯಿ, ಅರಿಷಿಣ ಕುಂಕುಮ ತಂದಳು. ಹೆಣ್ಣುಮಗಳನ್ನು ಕಳಿಸಿಕೊಡುವಾಗ ಉಡಿ ತುಂಬುತ್ತೇವಲ್ಲ, ಅದಕ್ಕೆ.

ಯಾವ ಊರು? ಯಾರಿಗೂ ಗೊತ್ತಿರಲಿಲ್ಲ. ಗಾಡಿ ಹೊರಟಿತು. ಸಂಗವ್ವ ಮೊಮ್ಮಗನನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಮಗು ಅವಳ ತೊಡೆಯ ಮೇಲೆ ಕೂತು ಎದುರಿಗೆ ಸೋನಾಲಿಯ ಪಕ್ಕದ ಖಾಲಿ ಜಾಗದ ಕಡೆ ನೋಡಿ ಒಂದೇ ಸಮನೆ ನಗುತ್ತಿತ್ತು. ಯಾರೋ ಮುಖ ಮುಚ್ಚಿ ತೆಗೆದು ಆಟ ಆಡಿಸಿದರೆ ನಗುತ್ತವಲ್ಲ, ಹಾಗೆ.

ಐಗಳಿ ಹಿಂದೆ ಬಿತ್ತು. ಎರಡೂ ಕಡೆ ಕರಿ ಹೊಲ. ಒಂದು ಜಾಲಿ ಮರ, ಅದರ ಹತ್ತಿರ ಬಲಕ್ಕೆ ಇಳಿಯುವ ಬಂಡಿಹಾದಿ.

"ಆಯೀ, ತಿಚಾ ಗಾವ ಆಲಾ," ಅಂದ ಸುಶಾಂತ. ಅವಳ ಊರು ಬಂತು.

ಇಂಜಿನ್ನು ಗುರ್ರ್ ಎಂದು ಸಣ್ಣಗಾಗಿ ನಿಂತಿತು. "ನಾ ನಿಲ್ಲಿಸಿಲ್ಲ," ಅಂದ ಧೋಂಡಪ್ಪ. "ಶಪ್ಪತ್, ನಾ ನಿಲ್ಲಿಸಿಲ್ಲ."

ಖಟ್. ಹಿಂದಿನ ಬಾಗಿಲು.

ಮಗು ಸಂಗವ್ವನ ಕೈಯಿಂದ ಹೇಗೆ ಜಾರಿತೋ ಅವಳಿಗೇ ತಿಳಿಯಲಿಲ್ಲ. ನೋಡುವಷ್ಟರಲ್ಲಿ ಬಂಡಿಹಾದಿಯಲ್ಲಿ ನಡೆಯುತ್ತಿತ್ತು. ಬಲಗೈ ಮೇಲಕ್ಕೆ ಎತ್ತಿತ್ತು. ದೊಡ್ಡವರ ಬೆರಳು ಹಿಡಿದು ನಡೆಯುವ ಕೂಸಿನ ಕೈ ಹೇಗಿರುತ್ತದೆ? ಹಾಗೆ. ಮೇಲೆ ಹಿಡಿದುಕೊಂಡದ್ದು ಬರೀ ಗಾಳಿ.

ಗುರಲಿಂಗ ಓಡಿ ಹೋಗಿ ಮಗನ ಕಂಕುಳಿಗೆ ಕೈ ಹಾಕಿ ಎತ್ತಿದ. ಏಳಲಿಲ್ಲ. ಗೋಧಿಯ ಚೀಲ ಒಬ್ಬನೇ ಎತ್ತುವ ಮನುಷ್ಯ ಅವನು. ಮೂರು ವರ್ಷದ ಕೂಸು ಏಳಲಿಲ್ಲ. ಮಗು ಅಪ್ಪನ ಕಡೆ ನೋಡಲೂ ಇಲ್ಲ. ನಡೆಯುತ್ತಲೇ ಇತ್ತು, ಅಪ್ಪನನ್ನೂ ಎಳೆದುಕೊಂಡು. ಸೋನಾಲಿ ಹೊಲದಲ್ಲಿ ಮೊಣಕಾಲೂರಿ ಕಿರುಚುತ್ತಿದ್ದಳು.

"ಬಾಯಿ ಮುಚ್ಚವಾ," ಅಂದಳು ಸಂಗವ್ವ. "ಹೆಣ್ಣಮಗಳ್ನ ಕಳಸೂಮುಂದ ಅಳಬಾರದು."

ಮುದುಕಿ ಸುತ್ತಿ ಬಂದು ಮಗುವಿನ ಮುಂದೆ ನಿಂತಳು. ಮಗುವಿಗಲ್ಲ, ಅದರ ಪಕ್ಕದ ಬಯಲಿಗೆ ಕುಂಕುಮದ ಬೆರಳು ಚಾಚಿದಳು. ದನಿ ನಡುಗಲಿಲ್ಲ.

"ತಂಗೀ... ನನ್ನ ಮಗಾ ಕರದಾ, ನೀ ಬಂದಿ. ತಪ್ಪ ಇಲ್ಲ. ಇದು ನಿನ್ನ ತವರು. ಕೂಸಿನ ತವರಲ್ಲ. ಉಡಿ ಹಿಡಿ. ಕೂಸಿನ್ನ ಬಿಡು."

ಬೊಗಸೆಯಲ್ಲಿ ಅಕ್ಕಿ ತುಂಬಿ ಸುರಿದಳು.

ಇಲ್ಲಿ ಕಿವಿಗೊಡಿ. ಮಣ್ಣಿನ ಮೇಲೆ ಬಿದ್ದ ಅಕ್ಕಿಯ ಸಪ್ಪಳ ಬೇರೆ. ಚಾಚಿದ ಸೆರಗಿನಲ್ಲಿ ಬಿದ್ದದ್ದು ಬೇರೆ. ಗುರಲಿಂಗ ದಿನವೆಲ್ಲ ಅಕ್ಕಿ ಅಳೆಯುವವನು, ಅವನಿಗೆ ಗೊತ್ತಾಗುತ್ತದೆ. ಅಕ್ಕಿ ನೆಲಕ್ಕೇ ಬಿತ್ತು, ಅವನು ನೋಡಿದ. ಸಪ್ಪಳ ಮಾತ್ರ ಸೆರಗಿನದು. ಫಸ್... ಫಸ್... ಖಣ ಇಟ್ಟಳು. ಕಾಯಿ ಇಟ್ಟಳು.

ಮಗುವಿನ ಕೈ ತಟ್ಟನೆ ಕೆಳಗೆ ಬಿತ್ತು. ಗುರಲಿಂಗ ಎತ್ತಿದ. ಮಗ ಹೂವಿನ ಹಾಗೆ ಎದ್ದ. ಅಪ್ಪನ ಹೆಗಲಿಗೆ ಮುಖ ಒತ್ತಿ ಅಳತೊಡಗಿದ. ದೊಡ್ಡ ದನಿ ತೆಗೆದು, ಬಿಟ್ಟು ಹೋದವರಿಗಾಗಿ ಅಳುವ ಹಾಗೆ.

ಸಂಗವ್ವ ಬೆವರು ಒರೆಸಿಕೊಂಡಳು. ಬಂಡಿಹಾದಿಯ ಕಡೆ ಕೈ ಮುಗಿದಳು. ಮನೆಯ ಹೊಸ್ತಿಲಲ್ಲಿ ನಿಂತು ಸಾವಿರ ಹೆಣ್ಣುಮಕ್ಕಳನ್ನು ಕಳಿಸಿಕೊಟ್ಟ ಬಾಯಿ ಅದು. ಯೋಚನೆ ಮಾಡಲಿಲ್ಲ. ರೂಢಿಯಂತೆ ಅಂದುಬಿಟ್ಟಳು:

"ಹೋಗಿ ಬಾರವಾ."

ಹೊಲದಲ್ಲಿ ಗಾಳಿ ಕೂಡ ಇರಲಿಲ್ಲ. ಯಾರೋ ಪಿಸುಗುಟ್ಟಿದರು. ಗುರಲಿಂಗನೂ ಕೇಳಿದ, ಧೋಂಡಪ್ಪನೂ ಕೇಳಿದ.

"ಆತ್ರಿ."

ಗೋಲಗುಮ್ಮಟ ಯಾರೂ ನೋಡಲಿಲ್ಲ. ಆಲಮಟ್ಟಿಯಲ್ಲಿ ಇಳಿಯಲಿಲ್ಲ. ನೇರ ಸಂಗಮಕ್ಕೆ ಹೋಗಿ ಜವಳ ತೆಗೆಸಿದರು. ಮರಳುವಾಗ ಆ ಹಾದಿ ಹಿಡಿಯಲಿಲ್ಲ, ಜಮಖಂಡಿಯ ಮೇಲೆ ಸುತ್ತು ಹಾಕಿ ಬಂದರು. ಗುರಲಿಂಗ ವಿಶ್ರಾಮಬಾಗದ ಮನೆ ಬಿಟ್ಟು ಮಿರಜದಲ್ಲಿ ಅಂಗಡಿಯ ಮಾಳಿಗೆಗೇ ಹೋದ. ಸಂಗವ್ವ ಈಗ ಮೊಮ್ಮಗನ ಮಗ್ಗುಲಲ್ಲೇ ಮಲಗುತ್ತಾಳೆ. ಮಲಗುತ್ತಾಳೆ ಅನ್ನಲಾರೆ, ಕೂತಿರುತ್ತಾಳೆ.

ಈಗ ನಾನು ಕಂಡದ್ದು.

ಇದನ್ನೆಲ್ಲ ಕೇಳಿದಾಗ ನನಗೆ ಭೂತದ ಚಿಂತೆ ಆಗಲಿಲ್ಲ. ಎಷ್ಟು ಹುಡುಕಿದರೂ ಸಿಗದ ಊರು ಸಿಕ್ಕಿತಲ್ಲ ಎಂದು ಮೈಯೆಲ್ಲ ಬಿಸಿಯಾಯಿತು. ಸಂಬಂಧಿಕರು ಬಂದು ಫಿರ್ಯಾದಿ ಕೊಡಲಿ, ಬಾವಿ ಅಗೆಸುತ್ತೇನೆ, ಆ ಬಿಲ್ಡರನನ್ನು ನೋಡಿಕೊಳ್ಳುತ್ತೇನೆ ಎಂದು ಹೊರಟೆ. ಬಸ್ಸಿಳಿದು ಆ ಬಂಡಿಹಾದಿ ಹಿಡಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಆ ಬಾಗಿಲ ಮುಂದೆ ಮಂದಿ ಸೇರುತ್ತಾರೆ.

ಸಾತವ್ವನ ಮನೆ ಎಂದು ಕೇಳಿದೆ. ತೋರಿಸಿದರು. ತಾಯಿ ಒಬ್ಬಳೇ ಇದ್ದಳು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಯಾವ ಮಾತನ್ನೂ ಸುತ್ತಿ ಹೇಳುವವನಲ್ಲ. ಅವ್ವಾ, ನಿಮ್ಮ ಮಗಳು ಹೋದಳು, ಹೋಳಿ ಹುಣ್ಣಿಮೆಗೂ ಮುಂಚೆಯೇ ಹೋದಳು ಅಂದೆ.

ಮುದುಕಿ ರೊಟ್ಟಿ ತಿರುವಿ ಹಾಕಿದಳು. "ಯಾರ ಹೇಳಿದ್ರ ನಿಮಗ? ಮೊನ್ನಿ ಬಂದಿದ್ಲಲ್ರಿ. ಉಂಡ ಹೋದ್ಲು."

"ಯಾವಾಗ?"

"ಮೊನ್ನೀರಿ. ಕೆಲಸ ಐತಿ, ಹೋಗಬೇಕು ಅಂದ್ಲು. ಮತ್ತ ಬರತಾಳ. ಬರೂಮುಂದ ಕೂಸಿನ್ನ ಕರಕೊಂಡ ಬರತೇನಿ ಅಂದಾಳ."

"ಅಕಿಗಿ ಮಕ್ಕಳ ಇದ್ವೇನು?"

"ಇಲ್ಲ," ಅಂದಳು ಮುದುಕಿ. "ಈಗ ಒಂದ ಐತಂತ."

ನಂಬದವರು ನಂಬಬೇಡಿ. ನಾನು ಆ ಮನೆಯ ನೆಲದ ಮೇಲೆ ಕೂತಿದ್ದೆ. ಎದುರಿಗೆ ಗೋಡೆಗೆ ಒರಗಿಸಿದ ಎರಡು ಊಟದ ಮಣೆ ಇದ್ದವು. ಒಂದು ದೊಡ್ಡದು, ಹಳೆಯದು, ಕೂತು ಕೂತು ಸವೆದದ್ದು. ಇನ್ನೊಂದು ಸಣ್ಣದು. ನಾನು ಅದನ್ನು ಕೈಯಲ್ಲಿ ಎತ್ತಿ ನೋಡಿದ್ದೇನೆ. ಬೇವಿನ ಕಟ್ಟಿಗೆ. ಉಜ್ಜುಗೊರಡು ಹೊಡೆದು ಎರಡು ದಿನವೂ ಆಗಿರಲಿಲ್ಲ, ವಾಸನೆ ಇನ್ನೂ ಹಸಿಯಾಗಿತ್ತು.